ದುಡಿಯುವ ದನಕ್ಕೆ ಮುಖ ಕೊಟ್ಟ ಚಿತ್ರಗಾರ್ತಿ



ಎತ್ತು, ಹಸು, ಕುರಿ, ಕುದುರೆ, ನಾಯಿ ಇವುಗಳ ಚಿತ್ರ ಬರೆಯುವುದನ್ನೇ ಬಾಳಿನ ಕಾಯಕ ಮಾಡಿಕೊಂಡ ಒಬ್ಬ ಹೆಣ್ಣುಮಗಳ ಕಥೆಯನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಆಕೆಯ ಹೆಸರು ರೋಸಾ ಬೊನರ್. ಹುಟ್ಟಿದ್ದು 1822ರ ಮಾರ್ಚ್ 16ರಂದು, ಫ್ರಾನ್ಸ್ ದೇಶದ ಬೋರ್ಡೋ ಪಟ್ಟಣದಲ್ಲಿ. ತೀರಿಕೊಂಡದ್ದು 1899ರ ಮೇ 25ರಂದು. ಆ ಶತಮಾನದಲ್ಲಿ ಅವಳಷ್ಟು ಹೆಸರು ಗಳಿಸಿದ ಚಿತ್ರಗಾರ್ತಿಯರು ಬಹಳ ಕಡಿಮೆ.

ನಾನು ರಾಯಬಾಗ ತಾಲೂಕಿನ ಅಲಖನೂರಿನವನು. ಫ್ರಾನ್ಸಿನ ಚಿತ್ರಗಾರ್ತಿಯ ಮಾತು ನಮ್ಮ ರಾಯಬಾಗ, ಅಥಣಿ, ಚಿಕ್ಕೋಡಿ ಕಡೆಯ ಒಕ್ಕಲಿಗರಿಗೆ ಏಕೆ ಬೇಕು ಎಂದು ನೀವು ಕೇಳಬಹುದು. ಅವಳು ದನವನ್ನು ನೋಡಿದ ರೀತಿ ನಮ್ಮ ಹಿರಿಯರು ನೋಡುವ ರೀತಿಯೇ ಆಗಿತ್ತು. ಅದಕ್ಕೇ ಅವಳ ಮಾತು ನಮಗೆ ಬೇಕು ಎನ್ನುತ್ತೇನೆ.

ನಮ್ಮಲ್ಲಿ ಎತ್ತು ಕೊಳ್ಳುವವರು ಬಣ್ಣ ನೋಡಿ ದುಡ್ಡು ಕೊಡುವುದಿಲ್ಲ. ಮೊದಲು ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ. ಹಾಲಹಲ್ಲಿನ ಹೋರಿಯೋ, ಎರಡು ಹಲ್ಲಿನದೋ, ಆರು ಹಲ್ಲಿನದೋ, ಬಾಯಿಗೂಡಿದ ಎತ್ತೋ ಎಂದು ವಯಸ್ಸು ಗೊತ್ತುಮಾಡಿಕೊಳ್ಳುತ್ತಾರೆ. ಮೈಮೇಲಿನ ಸುಳಿ ನೋಡುತ್ತಾರೆ. ಇಣಿಯ ಮೇಲೆ ಕೈ ಆಡಿಸುತ್ತಾರೆ. ಕುತ್ತಿಗೆಯ ಕೆಳಗಿನ ಗಂಗೆದೊಗಲು ಎಷ್ಟು ಇಳಿದಿದೆ, ಗೊರಸು ಸಮ ಊರುತ್ತದೆಯೋ ಇಲ್ಲವೋ, ನಡೆಯುವಾಗ ಹಿಂಗಾಲು ಮುಂಗಾಲಿನ ಹೆಜ್ಜೆಗೆ ಸರಿಯಾಗಿ ಬೀಳುತ್ತದೆಯೋ ಎಂದು ನಾಲ್ಕು ಹೆಜ್ಜೆ ಓಡಿಸಿ ಪರೀಕ್ಷೆ ಮಾಡುತ್ತಾರೆ. ಕೊನೆಗೆ ಕಣ್ಣು ನೋಡುತ್ತಾರೆ. ಕಣ್ಣಿನಲ್ಲಿ ಆ ಪ್ರಾಣಿಯ ಗುಣ ಇರುತ್ತದೆ ಎಂಬುದು ಅವರ ನಂಬಿಕೆ. ಇಷ್ಟೆಲ್ಲ ನೋಡಿ ತಿಳಿದ ಮೇಲೆ ಆ ಎತ್ತು ಅವರ ಪಾಲಿಗೆ ನೂರರಲ್ಲಿ ಒಂದಲ್ಲ, ಹೆಸರಿಟ್ಟು ಕರೆಯುವ ಮನೆಯ ಮಗ.

ರೋಸಾಳ ಕೈಯಲ್ಲಿ ಕುಂಚವಿತ್ತು, ಕಣ್ಣು ಮಾತ್ರ ಇದೇ ಕಣ್ಣು.

ಅವಳ ತಂದೆ ರೇಮೊಂ ಬೊನರ್ ಚಿತ್ರಕಾರ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ವಿದ್ಯೆ ಸಿಗಬೇಕು ಎಂದು ನಂಬಿದ್ದ ಸೇಂಟ್ ಸೈಮನ್ ಪಂಥಕ್ಕೆ ಸೇರಿದವನು. ತಾಯಿ ಸೋಫಿ ಸಂಗೀತ ಕಲಿಸುತ್ತಿದ್ದಳು. ಮಗಳಿಗೆ ಅಕ್ಷರ ಒಲಿಯಲಿಲ್ಲ. ಆಗ ತಾಯಿ ಒಂದು ದಾರಿ ಹುಡುಕಿದಳು: ಒಂದೊಂದು ಅಕ್ಷರಕ್ಕೂ ಅದರಿಂದ ಹೆಸರು ಶುರುವಾಗುವ ಒಂದೊಂದು ಪ್ರಾಣಿಯನ್ನು ಬರೆಯಲು ಹೇಳಿದಳು. ಹುಡುಗಿ ಪ್ರಾಣಿ ಬರೆಯುತ್ತ ಬರೆಯುತ್ತ ಓದು ಕಲಿತಳು. ಮನೆ ಪ್ಯಾರಿಸ್‌ಗೆ ಬಂತು, ಬಡತನವೂ ಹಿಂದೆಯೇ ಬಂತು. 1833ರಲ್ಲಿ ತಾಯಿ ತೀರಿಕೊಂಡಾಗ ರೋಸಾಳಿಗೆ ಹನ್ನೊಂದು ವರ್ಷ. ಶಾಲೆಯಲ್ಲಿ ನಿಲ್ಲಲಿಲ್ಲ, ಹೊಲಿಗೆ ಕಲಿಯಲು ಹಾಕಿದರೆ ಅಲ್ಲೂ ನಿಲ್ಲಲಿಲ್ಲ. ಕೊನೆಗೆ ತಂದೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಚಿತ್ರ ಕಲಿಸಿದ. ಆ ಮನೆಯ ನಾಲ್ಕು ಮಕ್ಕಳೂ ಮುಂದೆ ಪ್ರಾಣಿಗಳನ್ನೇ ಬರೆದರು. ತಮ್ಮ ಇಸಿದೋರ್ ಕಂಚಿನಲ್ಲಿ ಪ್ರಾಣಿಗಳ ಮೂರ್ತಿ ಎರಕ ಹೊಯ್ಯುವ ಶಿಲ್ಪಿಯಾದ.

ಪ್ಯಾರಿಸ್‌ನಲ್ಲಿ ಮಾಳಿಗೆಯ ಮೇಲಿನ ಮನೆ, ಕೊಟ್ಟಿಗೆ ಇಲ್ಲ. ಆದರೂ ರೋಸಾ ಒಂದು ಕುರಿ ಸಾಕಿದಳು. ತಮ್ಮ ಅದನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಇಳಿಸಿ, ಹುಲ್ಲು ಮೇಯಿಸಿ, ಮತ್ತೆ ಹೊತ್ತು ತರುತ್ತಿದ್ದ ಎಂದು ಆಕೆಯ ಚರಿತ್ರೆ ಬರೆದವರು ಹೇಳುತ್ತಾರೆ. ಚಿತ್ರಕ್ಕೆ ಕುರಿ ಬೇಕಿತ್ತು. ಕುರಿ ಎದುರಿಗಿಲ್ಲದೆ ಬರೆಯಲು ಅವಳಿಗೆ ಮನಸ್ಸಿರಲಿಲ್ಲ.

ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಹಳೆಯ ಗುರುಗಳ ಚಿತ್ರಗಳನ್ನು ನಕಲು ಮಾಡಿ ಕೈ ಪಳಗಿಸಿಕೊಂಡಳು. ಅವಳು ಮೆಚ್ಚಿದ ಗುರುಗಳಲ್ಲಿ ಒಬ್ಬ ಡಚ್ ಕಲಾವಿದ ಪೌಲುಸ್ ಪಾಟರ್. 1625ರಲ್ಲಿ ಹುಟ್ಟಿ 1654ರಲ್ಲೇ, ಮೂವತ್ತು ತುಂಬುವ ಮೊದಲೇ ತೀರಿಹೋದವನು. 1647ರಲ್ಲಿ ಅವನು ಒಂದು ಎಳೆಯ ಹೋರಿಯನ್ನು ನಿಜದ ಗಾತ್ರದಲ್ಲಿ ಬರೆದ. ಆ ಚಿತ್ರ ಇವತ್ತಿಗೂ ಹೇಗ್ ನಗರದ ಮೌರಿಟ್ಸ್‌ಹೌಸ್‌ನಲ್ಲಿದೆ. ಹೋರಿಯ ಮೈಮೇಲಿನ ನೊಣವನ್ನೂ ಅವನು ಬಿಟ್ಟಿಲ್ಲ. ಆದರೆ ದನ ಬಲ್ಲವರು ಅದನ್ನು ಪರೀಕ್ಷಿಸಿ, ಬೇರೆ ಬೇರೆ ವಯಸ್ಸಿನ ಪ್ರಾಣಿಗಳ ಅಂಗಗಳನ್ನು ಕೂಡಿಸಿ ಈ ಹೋರಿ ಬರೆದದ್ದು ಎಂದಿದ್ದಾರೆ. ನಮ್ಮ ಸಂತೆಯಲ್ಲಿ ಹಲ್ಲು ಹಿಡಿದು ವಯಸ್ಸು ಹೇಳುವ ಮುದುಕರು ಆ ಚಿತ್ರದ ಮುಂದೆ ನಿಂತರೆ ಅದೇ ಮಾತು ಹೇಳಿಯಾರು.

ರೋಸಾ ಆ ತಪ್ಪಿಗೆ ಎಡೆ ಕೊಡಬಾರದೆಂದು ಹಟ ಹಿಡಿದಳು. ತೊಗಲಿನ ಒಳಗೆ ಏನಿದೆ ಎಂಬುದು ತಿಳಿಯದೆ ತೊಗಲನ್ನು ಬರೆಯಬಾರದು ಎಂಬುದು ಅವಳ ನೇಮ. ಪ್ಯಾರಿಸ್‌ನ ಕಸಾಯಿಖಾನೆಗೆ ಹೋಗಿ ಎಲುಬು, ಸ್ನಾಯು, ಕೀಲುಗಳನ್ನು ನೋಡಿ ಬರೆದುಕೊಂಡಳು. ಆಲ್ಫೋರ್ ಎಂಬಲ್ಲಿನ ಪಶುವೈದ್ಯ ಶಾಲೆಗೆ ಹೋಗಿ ಕಲಿತಳು. ಪ್ರಾಣಿಯನ್ನು ಅಷ್ಟು ಪ್ರೀತಿಸುವವಳಿಗೆ ಕಸಾಯಿಖಾನೆಯ ನೆತ್ತರು, ವಾಸನೆ, ಅಲ್ಲಿನ ಗಂಡಸರ ಮಾತು ಎಷ್ಟು ಕಷ್ಟವಾಗಿದ್ದೀತು, ಯೋಚಿಸಿ. ಆದರೂ ಹೋದಳು. ತಿಳಿಯದೆ ತೋರಿಸುವ ಪ್ರೀತಿಯಿಂದ ಚಿತ್ರ ಆಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

1841ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ, ಪ್ಯಾರಿಸ್‌ನ ದೊಡ್ಡ ಕಲಾಪ್ರದರ್ಶನವಾದ ಸಲೋನ್‌ನಲ್ಲಿ ಅವಳ ಚಿತ್ರ ಮೊದಲ ಸಲ ಗೋಡೆ ಏರಿತು. ಅದರಲ್ಲಿದ್ದದ್ದು ಗಜ್ಜರಿ ತಿನ್ನುವ ಎರಡು ಮೊಲ. 1848ರಲ್ಲಿ ಕಾಂತಾಲ್ ಸೀಮೆಯ ದನಗಳ ಚಿತ್ರಕ್ಕೆ ಚಿನ್ನದ ಪದಕ ಬಂತು. ಅದರ ಬೆನ್ನಿಗೇ ಸರಕಾರವೇ ಒಂದು ಚಿತ್ರ ಬರೆದುಕೊಡು ಎಂದು ಕೇಳಿತು.

ಆಗ ಬಂದದ್ದು 1849ರ ಚಿತ್ರ, ನಿವೆರ್ನೆ ಸೀಮೆಯ ನೇಗಿಲ ಸಾಲು. ಇಂದು ಅದು ಪ್ಯಾರಿಸ್‌ನ ಓರ್ಸೆ ವಸ್ತುಸಂಗ್ರಹಾಲಯದಲ್ಲಿದೆ. ಅಗಲ ಎಂಟೂವರೆ ಅಡಿ, ಎತ್ತರ ನಾಲ್ಕೂವರೆ ಅಡಿಗಿಂತ ತುಸು ಕಡಿಮೆ. ಆರಾರು ಎತ್ತಿನ ಎರಡು ತಂಡಗಳು ಭಾರದ ನೇಗಿಲು ಎಳೆಯುತ್ತ ಏರು ಹತ್ತುತ್ತಿವೆ. ಮುಂದೆ, ಚಿತ್ರದ ಕೆಳಭಾಗದ ತುಂಬ, ಈಗಷ್ಟೇ ಹೊರಳಿದ ಹೆಂಟೆ ಮಣ್ಣು. ಆ ಮಣ್ಣಿನ ಹಸಿ ಕಣ್ಣಿಗೆ ಕಾಣುತ್ತದೆ. ಮನುಷ್ಯರು ಇದ್ದಾರೆ, ಆದರೆ ಟೊಪ್ಪಿಗೆಯ ಮರೆಯಲ್ಲಿ ಮುಖ ಸರಿಯಾಗಿ ಕಾಣದಂತೆ ಪಕ್ಕದಲ್ಲಿ ನಡೆಯುತ್ತಿದ್ದಾರೆ. ಮುಖ ಇರುವುದು ಎತ್ತುಗಳಿಗೆ. ಅದರಲ್ಲಿ ಒಂದು ಎತ್ತು ಹೆಜ್ಜೆ ಹಾಕುತ್ತಲೇ ನಮ್ಮ ಕಡೆ ಕಣ್ಣು ತಿರುಗಿಸಿದೆ. ನೊಗದ ಕೆಳಗಿನಿಂದ ಒಂದು ಎತ್ತು ನಮ್ಮನ್ನು ನೋಡುತ್ತಿದೆ ಎಂದು ತಿಳಿದ ಮೇಲೆ ನಾವು ಆ ಚಿತ್ರದ ಮುಂದೆ ಹಗುರಾಗಿ ನಿಲ್ಲಲಾರೆವು. ಅನ್ನ ಯಾರ ದುಡಿಮೆಯಿಂದ ಬಂತು ಎಂಬ ಲೆಕ್ಕವನ್ನು ಆ ಕಣ್ಣು ಕೇಳುತ್ತದೆ.

ಅವಳ ಅತಿ ಹೆಸರಾದ ಕೆಲಸ ಇದರ ನಂತರದ್ದು. ಪ್ಯಾರಿಸ್‌ನ ಆಸ್ಪತ್ರೆ ರಸ್ತೆಯಲ್ಲಿ ಕುದುರೆ ಸಂತೆ ಕೂಡುತ್ತಿತ್ತು. 1851ರ ಬೇಸಿಗೆಯಿಂದ ಸುಮಾರು ಒಂದೂವರೆ ವರ್ಷ, ವಾರಕ್ಕೆ ಎರಡು ಸಲ ರೋಸಾ ಆ ಸಂತೆಗೆ ಹೋಗಿ ರೇಖಾಚಿತ್ರ ಬರೆದುಕೊಂಡಳು. ಉದ್ದನೆಯ ಲಂಗದಲ್ಲಿ ಕುದುರೆಗಳ ಕಾಲ ನಡುವೆ ಓಡಾಡುವುದು ಆಗದ ಮಾತು. ದಲಾಲರ ನಡುವೆ ಒಬ್ಬ ಹೆಣ್ಣುಮಗಳು ನಿಂತು ಚಿತ್ರ ಬರೆಯುವುದಕ್ಕೆ ಯಾರೂ ಬಿಡುತ್ತಲೂ ಇರಲಿಲ್ಲ. ಅದಕ್ಕೆ ಗಂಡಸರ ಷರಾಯಿ, ಅಂಗಿ ತೊಟ್ಟಳು. ಪ್ಯಾರಿಸ್‌ನಲ್ಲಿ 1800ರಿಂದ ಹೆಂಗಸರು ಗಂಡುಡುಗೆ ತೊಡಬೇಕಾದರೆ ಪೊಲೀಸರ ಅಪ್ಪಣೆ ಬೇಕಿತ್ತು. ಆ ಅಪ್ಪಣೆಯ ಚೀಟಿಯನ್ನು ಆರು ತಿಂಗಳಿಗೊಮ್ಮೆ ಹೊಸದು ಮಾಡಿಸಬೇಕಿತ್ತು. 1857ರಲ್ಲಿ ಅವಳಿಗೆ ಕೊಟ್ಟ ಅಂಥ ಒಂದು ಚೀಟಿ ಇಂದಿಗೂ ಉಳಿದಿದೆ. ಆ ಹಳೆಯ ಕಟ್ಟಳೆ ಈಗ ಜಾರಿಯಲ್ಲಿಲ್ಲ ಎಂದು ಫ್ರಾನ್ಸಿನ ಸರಕಾರ ಅಧಿಕೃತವಾಗಿ ಹೇಳಿದ್ದು 2013ರಲ್ಲಿ.

ಆ ಸಂತೆಯಿಂದ ಹುಟ್ಟಿದ್ದು ‘ಕುದುರೆ ಸಂತೆ’ ಎಂಬ ಚಿತ್ರ. 1853ರ ಸಲೋನ್‌ನಲ್ಲಿ ಜನ ಅದರ ಮುಂದೆ ಕಿಕ್ಕಿರಿದರು. ಎತ್ತರ ಎಂಟು ಅಡಿ, ಅಗಲ ಹದಿನಾರೂವರೆ ಅಡಿ. ಈ ಅಳತೆಯನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ಫ್ರಾನ್ಸಿನ ಕಲಾಪಂಡಿತರು ಚಿತ್ರಗಳಿಗೆ ಮೇಲು ಕೀಳಿನ ಸಾಲು ಹಾಕಿಟ್ಟಿದ್ದರು. 1667ರಲ್ಲೇ ಫೆಲಿಬಿಯಾಂ ಎಂಬ ವಿದ್ವಾಂಸ ಆ ಸಾಲನ್ನು ಬರೆದಿಟ್ಟಿದ್ದ. ಎಲ್ಲಕ್ಕಿಂತ ಮೇಲೆ ಪುರಾಣ, ಇತಿಹಾಸ, ರಾಜರ ಯುದ್ಧ. ಪ್ರಾಣಿ ಬರೆಯುವವರಿಗೆ ಕೆಳಗಿನ ಸ್ಥಾನ. ಹದಿನಾರು ಅಡಿಯ ಬಟ್ಟೆ ಚಕ್ರವರ್ತಿಗಳ ಗೆಲುವಿಗೆ ಮೀಸಲು. ರೋಸಾ ಆ ಬಟ್ಟೆಯ ಮೇಲೆ ಮಾರಾಟಕ್ಕೆ ನಿಂತ ದುಡಿಮೆಯ ಕುದುರೆಗಳನ್ನು ತಂದು ನಿಲ್ಲಿಸಿದಳು. ಗಾಡಿ ಎಳೆಯುವ, ದಪ್ಪ ಕಾಲಿನ, ಪೆರ್ಶೆರಾನ್ ತಳಿಯ ಕುದುರೆಗಳವು. ಒಂದು ಹಿಂಗಾಲ ಮೇಲೆ ಎದ್ದಿದೆ, ಒಂದು ಕಡಿವಾಣ ಜಗ್ಗುತ್ತಿದೆ, ಕಪ್ಪು ಬಿಳುಪು ಕಂದು ಎಲ್ಲ ಸುತ್ತುವರಿದು ಓಡುತ್ತಿವೆ. ಗ್ರೀಸಿನ ಪಾರ್ಥೆನಾನ್ ಗುಡಿಯ ಗೋಡೆಯಲ್ಲಿ ಕೆತ್ತಿದ ಕುದುರೆ ಸವಾರರ ಸಾಲು ಅವಳ ಮನಸ್ಸಿನಲ್ಲಿತ್ತು. ದೇವರ ಗುಡಿಯ ಗೌರವವನ್ನು ಅವಳು ಗಾಡಿ ಕುದುರೆಗೆ ಕೊಟ್ಟಳು.

ಈ ಚಿತ್ರದ ಅಚ್ಚು ಪ್ರತಿ ನೋಡಿದಾಗಲೆಲ್ಲ ನನಗೆ ನಮ್ಮ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ ಕಣ್ಣ ಮುಂದೆ ಬರುತ್ತದೆ. ಭಾರತ ಹುಣ್ಣಿಮೆಯ ಸುತ್ತ ಮಹಾರಾಷ್ಟ್ರದ ಊರೂರಿನಿಂದ ಚಕ್ಕಡಿ ಕಟ್ಟಿಕೊಂಡು ಭಕ್ತರು ಬರುತ್ತಾರೆ. ಧೂಳಿನ ನಡುವೆ ಕೊರಳಗೆಜ್ಜೆ, ಕೋಡಿಗೆ ಗೊಂಡೆ, ಬೆನ್ನಿಗೆ ಝೂಲ ಹೊತ್ತ ಎತ್ತುಗಳ ಸಾಲು. ನಮ್ಮ ಕಡೆಯ ದನದ ಸಂತೆಗಳಲ್ಲಿ ವ್ಯಾಪಾರಿಗಳು ಟವೆಲ್ಲಿನ ಮರೆಯಲ್ಲಿ ಕೈಗೆ ಕೈ ಸೇರಿಸಿ, ಬೆರಳು ಹಿಡಿದು ರೇಟು ಕುದುರಿಸುತ್ತಾರೆ. ಬಾಯಿಂದ ಒಂದು ಅಂಕಿ ಹೊರಬೀಳುವುದಿಲ್ಲ. ಇಷ್ಟು ದೊಡ್ಡ ನೋಟ, ಇಷ್ಟು ಬಣ್ಣ, ಇಷ್ಟು ಚಲನೆ ನಮ್ಮ ಕಣ್ಣೆದುರಿಗೇ ಇದೆ. ಹದಿನಾರು ಅಡಿಯ ಬಟ್ಟೆಯನ್ನು ತುಂಬುವಷ್ಟಿದೆ.

ಕುದುರೆ ಸಂತೆಯನ್ನು ಗಂಬಾರ್ ಎಂಬ ಚಿತ್ರವ್ಯಾಪಾರಿ 40,000 ಫ್ರಾಂಕಿಗೆ ಕೊಂಡು ಇಂಗ್ಲೆಂಡಿಗೆ ಒಯ್ದ. ವಿಕ್ಟೋರಿಯಾ ರಾಣಿ ಅದನ್ನು ಅರಮನೆಗೆ ತರಿಸಿ ನೋಡಿದಳು. 1887ರಲ್ಲಿ ಅಮೆರಿಕದ ಸಿರಿವಂತ ವ್ಯಾಂಡರ್‌ಬಿಲ್ಟ್ ಅದನ್ನು ಕೊಂಡು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟ. ಈಗಲೂ ಅಲ್ಲಿದೆ.

ತನ್ನ ಕುಂಚದ ಗಳಿಕೆಯಿಂದಲೇ 1859ರಲ್ಲಿ ಫಾಂತೆನ್‌ಬ್ಲೋ ಕಾಡಿನ ಅಂಚಿನ ಬೀ ಎಂಬ ಹಳ್ಳಿಯಲ್ಲಿ ರೋಸಾ ಒಂದು ವಾಡೆ ಕೊಂಡಳು. ಬಾಲ್ಯದ ಗೆಳತಿ ನತಾಲಿ ಮಿಕಾಸ್ ಜೊತೆಗೆ ಅಲ್ಲಿ ನೆಲೆಸಿದಳು. ವಾಡೆಯಲ್ಲಿ ಮೇಲ್ಗಡೆ ಚಿತ್ರಶಾಲೆ, ಸುತ್ತ ಪ್ರಾಣಿಗಳ ಕೊಟ್ಟಿಗೆ. ಕುರಿ, ಆಡು, ಹಸು, ಕುದುರೆ, ನಾಯಿ ಮಾತ್ರವಲ್ಲ, ಜಿಂಕೆ ಇದ್ದವು, ಕೊನೆಗೆ ಸಿಂಹವೂ ಇತ್ತು. ಬೆಳಗಾದರೆ ಬರೆಯಬೇಕಾದವರ ನಡುವೆಯೇ ಏಳುವ ಬಾಳು ಅದು. 1865ರಲ್ಲಿ ಫ್ರಾನ್ಸಿನ ಮಹಾರಾಣಿ ಯೂಜೆನಿ ತಾನೇ ಆ ಹಳ್ಳಿಗೆ ಬಂದು ಲೀಜಿಯನ್ ಆಫ್ ಆನರ್ ಪದಕವನ್ನು ರೋಸಾಳ ಎದೆಗೆ ಸಿಕ್ಕಿಸಿದಳು. ಆ ಗೌರವ ಪಡೆದ ಮೊದಲ ಚಿತ್ರಗಾರ್ತಿ ರೋಸಾ. 1889ರಲ್ಲಿ ನತಾಲಿ ತೀರಿಕೊಂಡ ಮೇಲೆ, ಕೊನೆಯ ದಿನಗಳಲ್ಲಿ ಅಮೆರಿಕದ ಚಿತ್ರಗಾರ್ತಿ ಆನಾ ಕ್ಲಂಪ್ಕೆ ಜೊತೆಗಿದ್ದು ರೋಸಾಳ ಬದುಕನ್ನು ಕೇಳಿ ಪುಸ್ತಕವಾಗಿ ಬರೆದಿಟ್ಟಳು.

ತೀರಿಕೊಂಡ ಮೇಲೆ ಅವಳ ಹೆಸರು ಬಹಳ ಕಾಲ ಮರೆಯಾಯಿತು. ಕಲೆಯ ದಾರಿ ಬದಲಾಯಿತು. ಹಸುವನ್ನು ಹಸುವಿನಂತೆ ಬರೆಯುವುದು ಹಳೆಯ ಮಾತು ಎನಿಸಿತು. ಫಾಂತೆನ್‌ಬ್ಲೋ ಊರಿನಲ್ಲಿ ಅವಳ ನೆನಪಿಗೆ ನಿಲ್ಲಿಸಿದ್ದು ಅವಳ ಪುತ್ಥಳಿಯನ್ನಲ್ಲ, ಒಂದು ಕಂಚಿನ ಹೋರಿಯನ್ನು. ಅದನ್ನೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹಕ್ಕಾಗಿ ಕರಗಿಸಿದರು. 2022ರಲ್ಲಿ, ಅವಳು ಹುಟ್ಟಿ ಇನ್ನೂರು ವರ್ಷ ತುಂಬಿದಾಗ, ಬೋರ್ಡೋದಲ್ಲೂ ಪ್ಯಾರಿಸ್‌ನಲ್ಲೂ ದೊಡ್ಡ ಪ್ರದರ್ಶನ ನಡೆದು ಜನ ಮತ್ತೆ ಅವಳ ಕಡೆ ತಿರುಗಿದರು.

ಕೇಳುಗ ಬಂಧುಗಳೆ, ಸಾಕಿದ ಪ್ರಾಣಿಗೆ ರೂಪ ಕೊಟ್ಟು ಉಳಿಸುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಬಳ್ಳಾರಿಯ ಹತ್ತಿರ ಸಂಗನಕಲ್ಲು ಮತ್ತು ಕುಪ್ಪಗಲ್ಲು ಗುಡ್ಡಗಳಿವೆ. ಅಲ್ಲಿನ ಕರಿಯ ಬಂಡೆಗಳ ಮೇಲೆ ಉದ್ದ ಕೋಡಿನ, ಇಣಿ ಎತ್ತಿದ ದನಗಳ ನೂರಾರು ಚಿತ್ರಗಳನ್ನು ನವಶಿಲಾಯುಗದ ಜನ ಕಲ್ಲಿನಿಂದ ಕಲ್ಲು ಕುಟ್ಟಿ ಮೂಡಿಸಿದ್ದಾರೆ. ಅಕ್ಷರ ಹುಟ್ಟುವ ಮೊದಲೇ ಕನ್ನಡ ನೆಲದಲ್ಲಿ ದನದ ಚಿತ್ರ ಹುಟ್ಟಿತ್ತು.

ಅಕ್ಷರ ಬಂದ ಮೇಲೆ ಇನ್ನೂ ದೊಡ್ಡ ಮಾತು ನಡೆದಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರ ಒಂದು ವೀರಗಲ್ಲು ಸಿಕ್ಕಿತು. ಈಗ ಅದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಚೋಳರನ್ನು ತಕ್ಕೋಲದಲ್ಲಿ ಗೆದ್ದ ಕಾಲ. ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಎಂಬ ವೀರನಿಗೆ ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಒಂದು ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ಕಾಡುಹಂದಿಯ ಜೊತೆ ಕಾದಿತು. ಎರಡೂ ಸತ್ತವು. ಮಣಲೇರ ಆ ನಾಯಿಗಾಗಿ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ನಾಯಿ ಹಂದಿ ಸೆಣಸುವ ದೃಶ್ಯವನ್ನು ಶಿಲ್ಪಿ ಆ ಕಲ್ಲಿನ ಮೇಲೆ ಕೆತ್ತಿದ್ದಾನೆ. ಅರಸರ ಗೆಲುವನ್ನು ಹೇಳುವ ಅದೇ ಕಲ್ಲಿನಲ್ಲಿ ಒಂದು ನಾಯಿಯ ಹೆಸರೂ ಇದೆ, ರೂಪವೂ ಇದೆ. ರೋಸಾ ಹದಿನಾರು ಅಡಿಯ ಬಟ್ಟೆಯ ಮೇಲೆ ಮಾಡಿದ ಕೆಲಸವನ್ನು ಅವಳಿಗಿಂತ ಒಂಬೈನೂರು ವರ್ಷ ಮೊದಲು ಆ ಹೆಸರಿಲ್ಲದ ಶಿಲ್ಪಿ ಮಾಡಿದ್ದ. ಅರಸನ ಪಕ್ಕದಲ್ಲಿ ಸಾಕಿದ ಪ್ರಾಣಿಗೆ ಜಾಗ ಕೊಟ್ಟಿದ್ದ.

ಈ ಪರಂಪರೆ ನಮ್ಮ ಮನೆಗಳಲ್ಲಿ ಇನ್ನೂ ಸತ್ತಿಲ್ಲ. ಕಾರ ಹುಣ್ಣಿಮೆಯ ದಿನ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಊರಲ್ಲಿ ಮೆರೆಸಿ ಕರಿ ಹರಿಯುತ್ತೇವೆ. ಅದಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮವಾಸ್ಯೆ ಬರುತ್ತದೆ. ಅಂದು ಮನೆಮನೆಯಲ್ಲಿ ಮಕ್ಕಳು ಮಣ್ಣು ನಾದಿ ಎತ್ತು ಮಾಡುತ್ತಾರೆ, ಮುಂದೆ ಗೋದಲಿ ಮಾಡಿ ಇಡುತ್ತಾರೆ, ಮನೆಯವರು ಪೂಜೆ ಮಾಡುತ್ತಾರೆ. ಇಣಿ ಎಲ್ಲಿ ಏಳಬೇಕು, ಕೋಡು ಎತ್ತ ಬಾಗಬೇಕು ಎಂಬುದು ಆ ಮಕ್ಕಳ ಬೆರಳಿಗೆ ಗೊತ್ತಿದೆ. ವರ್ಷಕ್ಕೆ ಒಂದು ದಿನ ನಮ್ಮ ಸೀಮೆಯ ಪ್ರತಿ ಮಗುವೂ ಪ್ರಾಣಿಶಿಲ್ಪಿ. ಮರುದಿನದಿಂದ ಆ ವಿದ್ಯೆಯನ್ನು ಯಾರೂ ಕೇಳುವುದಿಲ್ಲ. ನನ್ನ ಕಳವಳ ಇದೇ.

ಏಕೆಂದರೆ ಬರೆದಿಡಬೇಕಾದ ಪ್ರಾಣಿಗಳು ಕಡಿಮೆಯಾಗುತ್ತಿವೆ. ನಮ್ಮ ಖಿಲಾರಿಯನ್ನು ನೋಡಿ. ಬೂದು ಬಿಳಿ ಮೈ, ಉದ್ದ ಮುಖ, ಹಿಂದಕ್ಕೆ ಬಾಗಿ ಮೇಲಕ್ಕೆ ಚೂಪಾಗಿ ಏಳುವ ಕೋಡು, ಗಾಳಿಯಂಥ ನಡೆ. ಸೊಲ್ಲಾಪುರ, ಸಾಂಗಲಿ, ವಿಜಯಪುರ, ಬೆಳಗಾವಿ ಸೀಮೆಯ ಹೆಮ್ಮೆ ಅದು. ಟ್ರ್ಯಾಕ್ಟರ್ ಬಂದ ಮೇಲೆ ಜೋಡೆತ್ತು ಕಟ್ಟುವ ಮನೆಗಳು ಓಣಿಯಲ್ಲಿ ಬೆರಳೆಣಿಕೆಗೆ ಇಳಿದಿವೆ. ಕೃಷ್ಣಾ ಕಣಿವೆಯ ದೊಡ್ಡ ಮೈಯ ದನದ ಸ್ಥಿತಿ ಇನ್ನೂ ಕಷ್ಟ. ನದೀತೀರದ ಜಿಗುಟು ಎರೆಮಣ್ಣನ್ನು ಉಳಲು ಬಲವಾದ ಎತ್ತು ಬೇಕೆಂದು ಈ ಭಾಗದ ಸಂಸ್ಥಾನಿಕರು ಹತ್ತೊಂಬತ್ತನೆಯ ಶತಮಾನದಲ್ಲಿ ಗೀರ್, ಕಾಂಕ್ರೇಜ್, ಓಂಗೋಲ್ ಮತ್ತು ಊರ ದನಗಳನ್ನು ಕೂಡಿಸಿ ಬೆಳೆಸಿದ ತಳಿ ಅದು. ಈಗ ಅಪರೂಪವಾಗಿದೆ. ಪಂಢರಪುರಿ ಎಮ್ಮೆಯ ಬೆನ್ನಿನುದ್ದ ಚಾಚಿದ ಕೋಡು, ಕುರುಬರ ದಖನಿ ಕುರಿಯ ಒರಟು ಕರಿ ಉಣ್ಣೆ, ಮುಧೋಳ ನಾಯಿಯ ಸೊರಗಿದ ಹೊಟ್ಟೆ ಮತ್ತು ಬಿಲ್ಲಿನಂಥ ಬೆನ್ನು, ಇವೆಲ್ಲ ನಮ್ಮ ಸುತ್ತಲಿನವೇ. ಮುಧೋಳ ನಾಯಿಯ ಚಿತ್ರವಂತೂ 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂತು. ಉಳಿದವುಗಳಿಗೆ ಆ ಭಾಗ್ಯ ಯಾರು ಕೊಡಬೇಕು?

ಮೊಬೈಲಿನಲ್ಲಿ ಫೋಟೋ ಇದೆಯಲ್ಲ ಎನ್ನುವವರಿದ್ದಾರೆ. ಫೋಟೋ ಬೇಕು, ತೆಗೆಯಿರಿ. ಆದರೆ ಫೋಟೋ ತೆಗೆಯಲು ಒಂದು ಕ್ಷಣ ಸಾಕು. ಚಿತ್ರ ಬರೆಯಬೇಕಾದರೆ ಪ್ರಾಣಿಯ ಮುಂದೆ ಗಂಟೆಗಟ್ಟಲೆ ಕೂತು ನೋಡಬೇಕು. ಅದು ಮೆಲುಕು ಹಾಕುವ ವೇಳೆ, ನೊಣ ಕೊಡಹುವ ಬಗೆ, ಬಾಗಿದ ಮಂಡಿ, ನೊಗ ಹೊತ್ತು ದಡ್ಡುಗಟ್ಟಿದ ಹೆಗಲು ಎಲ್ಲ ಕಣ್ಣಿಗೆ ಇಳಿಯಬೇಕು. ಅಷ್ಟು ಹೊತ್ತು ಒಂದು ಪ್ರಾಣಿಯನ್ನು ನೋಡಿದವನು ಅದರ ಮೈಮೇಲೆ ಸುಮ್ಮನೆ ಬಾರಕೋಲು ಎತ್ತಲಾರ. ಚಿತ್ರ ಕಲಿಯುತ್ತ ಕಲಿಯುತ್ತ ಅವನು ಕರುಣೆಯನ್ನೂ ಕಲಿಯುತ್ತಾನೆ.

ಆದ್ದರಿಂದ ನಮ್ಮ ಊರುಗಳ ಶಿಕ್ಷಕರಿಗೆ ನನ್ನದೊಂದು ಬಿನ್ನಹ. ಚಿತ್ರಕಲೆಯ ತಾಸಿನಲ್ಲಿ ಮಕ್ಕಳಿಗೆ ಪುಸ್ತಕದ ಚಿತ್ರ ನಕಲು ಮಾಡಲು ಹೇಳಬೇಡಿ. ಹತ್ತಿರದ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಅಲ್ಲಿ ಕೂರಿಸಿ. ಎತ್ತಿನ ಒಡೆಯ ಹಲ್ಲು, ಸುಳಿ, ಗೊರಸುಗಳ ವಿದ್ಯೆ ಹೇಳಲಿ, ಮಕ್ಕಳು ಕೇಳುತ್ತ ಬರೆಯಲಿ. ಧಾರವಾಡದಲ್ಲಿ ಹಾಲಭಾವಿಯವರಂಥ ಗುರುಗಳು ಕಲಾಶಾಲೆ ಕಟ್ಟಿ ಈ ಭಾಗದ ಎಷ್ಟೋ ಹುಡುಗರ ಕೈಗೆ ಕುಂಚ ಕೊಟ್ಟರು. ಆ ದಾರಿಯಲ್ಲಿ ಬಂದ ಇಂದಿನ ತರುಣ ಕಲಾವಿದರು ಒಂದು ಜಾತ್ರೆಯ ಕಾಲವನ್ನಾದರೂ ದನಗಳ ನಡುವೆ ಕಳೆಯಲಿ. ರೈತಬಂಧುಗಳು ತಮ್ಮ ಎತ್ತಿನ ಹೆಸರು, ತಳಿ, ತಂದ ಊರು ಇಷ್ಟನ್ನಾದರೂ ಬರೆದಿಡಲಿ. ಚಿತ್ರದ ಕೆಳಗೆ ಆ ಹೆಸರು ಬೇಕಾಗುತ್ತದೆ.

ಮನೆಯಲ್ಲಿ ಕೊಟ್ಟಿಗೆ ಇಲ್ಲದ ರೋಸಾ ಕುರಿಯನ್ನು ಮಾಳಿಗೆಗೆ ಹೊರಿಸಿ ತರಿಸಿ ಚಿತ್ರ ಬರೆದಳು. ನಮಗೆ ಕೊಟ್ಟಿಗೆಯೂ ಇದೆ, ಕಟ್ಟಿದ ಪ್ರಾಣಿಯೂ ಇದೆ, ಅದನ್ನು ಓದಬಲ್ಲ ಹಿರಿಯರೂ ಇದ್ದಾರೆ. ಈ ಮೂರೂ ಕೂಡಿರುವ ಕಾಲ ಬಹಳ ದಿನ ಇರುವುದಿಲ್ಲ. ನಮ್ಮ ಹೊಲ ಉತ್ತು, ನಮ್ಮನ್ನು ಸಾಕಿದ ಈ ಮೂಕಜೀವಿಗಳ ಋಣ ನಮ್ಮ ಮೇಲಿದೆ. ಮೇವು ಹಾಕಿದರೆ ಆ ಋಣದಲ್ಲಿ ಒಂದು ಪಾಲು ಮಾತ್ರ ತೀರುತ್ತದೆ. ಅವು ಹೀಗಿದ್ದವು, ಹೀಗೆ ದುಡಿದವು ಎಂದು ಮುಂದಿನವರಿಗೆ ಕಾಣುವಂತೆ ಬರೆದಿಟ್ಟರೆ ಉಳಿದ ಪಾಲೂ ತೀರುತ್ತದೆ. ಆ ಕೆಲಸಕ್ಕೆ ನಮ್ಮ ಸೀಮೆಯಿಂದ ಒಬ್ಬ ಹುಡುಗಿ, ಒಬ್ಬ ಹುಡುಗ ಮುಂದೆ ಬಂದರೂ ಈ ಮಾತು ಆಡಿದ್ದು ಸಾರ್ಥಕ.